ವಿನೋದಿನಿಯ ಕಣಕಾಲು

ಮದುವೆಯಾಗಿ ಮುಂಬಯಿಗೆ ಬಂದ ಹೆಣ್ಣಿಗೆ ಇಲ್ಲಿ ತನ್ನದು ಅಂತ ಏನಿರುತ್ತದೆ? ಮನೆ ಗಂಡನ ಹೆಸರಿನಲ್ಲಿ. ಅಡಿಗೆಮನೆ ಅತ್ತೆ ಇರುವವರೆಗೆ ಅತ್ತೆಯದು, ಅತ್ತೆ ಹೋದ ಮೇಲೆ ಊರಿಂದ ಬಂದಿಳಿಯುವ ನೆಂಟರದು. ಟಿವಿಯ ರಿಮೋಟು ಮಗಳದು. ಘಾಟ್ಕೋಪರಿನ ಪಂತ್‌ನಗರದಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ವಿನೋದಿನಿಗೆ ತನ್ನದು ಅಂತ ಸಿಕ್ಕಿದ್ದು ಬೆಳಗಿನ ಒಂದು ತಾಸು. ಅದನ್ನೂ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ, ಸಕ್ಕರೆ ಕಾಯಿಲೆಯ ಕೃಪೆ.

ನಲವತ್ತು ತುಂಬುವ ಹೊತ್ತಿಗೆ ಆ ಕಾಯಿಲೆ ಹೊಸ್ತಿಲವರೆಗೆ ಬಂದು ನಿಂತಿತ್ತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಮಗಳು ಯಕ್ಷಿತಾ ನಾಲ್ಕು ದಿನ ಕಾಲೇಜಿಗೆ ಹಾಕಿ ಬಿಸಾಡಿದ್ದ ಶೂ ಮೂಲೆಯಲ್ಲಿತ್ತು. ಅದನ್ನೇ ಏರಿಸಿಕೊಂಡು ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ವಿಕ್ರೋಲಿಯ ಕಡೆಗೆ ನಡೆಯತೊಡಗಿದಳು. ಒಂದು ಮಳೆಗಾಲ ಬರೀ ನಡೆದಳು. ಆಮೇಲೊಂದು ಬೆಳಿಗ್ಗೆ ನಾಯಿಯೊಂದು ಅಟ್ಟಿಸಿಕೊಂಡು ಬಂತು, ಜೀವ ಕೈಯಲ್ಲಿ ಹಿಡಿದು ಓಡಿದಳು. ನಾಯಿಗೆ ಬೇಸರ ಬಂದು ಅದು ಎಲ್ಲಿಯೋ ನಿಂತುಬಿಟ್ಟಿತ್ತು. ಇವಳು ನಿಲ್ಲಲಿಲ್ಲ. ಮನೆಗೆ ಬಂದು ಇಡ್ಲಿ ಹಿಟ್ಟು ಹೊಯ್ಯುವಾಗಲೂ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಅಂದಿನಿಂದ ಓಟ ಹಿಡಿಯಿತು. ಮೂರು ನಾಲ್ಕು ವರ್ಷದಲ್ಲಿ ವಿಕ್ರೋಲಿ ದಾಟಿ ಕಾಂಜೂರಿನವರೆಗೆ ಹೋಗಿ ಬರುವಷ್ಟು ಉಸಿರು ಕೂಡಿತು. ಆ ಹೊತ್ತಿನಲ್ಲಿ ಸಾರಿಗೆ ಉಪ್ಪು ಸಾಕಾ ಅಂತ ಯಾರೂ ಕೇಳುವುದಿಲ್ಲ, ನೀರು ಬಂತಾ ಅಂತ ಯಾರೂ ಕೂಗುವುದಿಲ್ಲ. ಎದುರು ಬರುವ ಹಾಲಿನ ಟೆಂಪೋದವನು ಕೈ ಎತ್ತುತ್ತಾನೆ, ಅಷ್ಟೇ. ಅಮ್ಮನ ಹುಚ್ಚು ನೋಡಿ ಮಗಳೇ ಜನವರಿಯ ದೊಡ್ಡ ಓಟಕ್ಕೆ, ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟಳು. "ಮಮ್ಮಿ, ಸೀ ಲಿಂಕ್ ಕೇ ಊಪರ್ ಸೇ ದೌಡ್ನಾ ಹೈ. ಆಗ್ತದಲ್ಲಾ ನಿಂಗೆ?" ಎಂದು ಕೇಳಿದಳು. ಅವಳ ಕನ್ನಡ ಯಾವಾಗಲೂ ಹಿಂದಿಯ ಕೈ ಹಿಡಿದುಕೊಂಡೇ ಬರುವುದು.

ಸೀ ಲಿಂಕ್! ಟ್ಯಾಕ್ಸಿಯ ಕಿಟಕಿಯಿಂದ ಎರಡು ಸಲ ಕಂಡಿದ್ದ ಸೇತುವೆ. ಅದರ ಮೇಲೆ ನಡೆದು ಹೋಗಲು ಯಾರನ್ನೂ ಬಿಡುವುದಿಲ್ಲ. ಆ ಸಮುದ್ರದ ನಡುವೆ ತನ್ನ ಎರಡು ಕಾಲಿನ ಮೇಲೆ ಹೋಗುವುದು ಎಂದರೆ ವಿನೋದಿನಿಗೆ ಮೈ ಜುಮ್ಮೆಂದಿತು. ಬೇರೆ ಆಸೆಗಳು ಇದ್ದವು ಅಂತ ಹೇಳಿದರೆ ಸುಳ್ಳಾಗುತ್ತದೆ. ಅದೊಂದೇ ಇತ್ತು.

ಇನ್ನು ಗಂಡ. ಅಣ್ಣು ಕಾರ್ಕಳದ ಕಡೆಯವನು. ಘಾಟ್ಕೋಪರ್ ಸ್ಟೇಶನ್ನಿನ ಹತ್ತಿರದ ಹೋಟೆಲಿನಲ್ಲಿ ಟೇಬಲ್ ಒರೆಸಿ, ತಿಂಡಿ ಬಡಿಸಿ, ಕೊನೆಗೆ ಅದೇ ಹೋಟೆಲಿನಲ್ಲಿ ಪಾಲುದಾರನಾಗಿ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ ಕೂತವನು. ವೈಟರುಗಳಿಗೆ ಅವನು ಅಣ್ಣು ಸೇಠ್. ಕುಡಿತವಿಲ್ಲ, ಹೊಡೆತವಿಲ್ಲ, ಒಳ್ಳೆಯವನೇ. ಆದರೆ ಊರಿನವರ ಸಂಘದಲ್ಲಿ ಮಾತ್ರ ಅವನು ಇನ್ನೂ ಟೇಬಲ್ ಒರೆಸುವವನಾಗಿಯೇ ಉಳಿದಿದ್ದ. ಬ್ಯಾನರ್ ಕಟ್ಟುವುದು, ಕುರ್ಚಿ ಜೋಡಿಸುವುದು, ದೊಡ್ಡವರು ಭಾಷಣ ಮುಗಿಸುವವರೆಗೆ ಹೂಗುಚ್ಛ ಹಿಡಿದು ನಿಲ್ಲುವುದು. ಈ ವರ್ಷ ಸಂಘದ ಘಾಟ್ಕೋಪರ್ ಸಮಿತಿಗೆ ತಾನು ಕಾರ್ಯಾಧ್ಯಕ್ಷನಾಗಬೇಕು ಎಂದು ಅವನ ತಲೆಗೆ ಹೊಕ್ಕಿತ್ತು.

ಸಂಘಕ್ಕೆ ವರ್ಷಕ್ಕೊಮ್ಮೆ ಕ್ರೀಡೋತ್ಸವ. ಮುಂಬಯಿಯ ಒಂದೊಂದು ಭಾಗದ ಸಮಿತಿಯೂ ತನ್ನ ತಂಡ ತರುತ್ತದೆ. ಹಗ್ಗಜಗ್ಗಾಟ, ಲಿಂಬೆ ಚಮಚ, ಓಟ ಎಲ್ಲ ಉಂಟು. ಆದರೆ ಮಾನ ಹೋಗುವುದೂ ಬರುವುದೂ ಬೆಳಿಗ್ಗೆ ನಡೆಯುವ ಹೆಂಗಸರ ಮಾರ್ಚ್‌ಪಾಸ್ಟಿನಲ್ಲಿ. ಒಂದೇ ಬಣ್ಣದ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಧ್ವಜ. ಆ ಶೀಲ್ಡು ಜೋಗೇಶ್ವರಿ ಸಮಿತಿಯ ಗಾಜಿನ ಕಪಾಟಿನಲ್ಲಿ ಬೇರುಬಿಟ್ಟು ಕೂತಿತ್ತು. ಅದನ್ನು ಘಾಟ್ಕೋಪರಿಗೆ ತಂದವನನ್ನು ಕಾರ್ಯಾಧ್ಯಕ್ಷ ಮಾಡದೆ ಇನ್ಯಾರನ್ನು ಮಾಡುತ್ತಾರೆ?

ದೀಪಾವಳಿಯ ಮೀಟಿಂಗಿನಲ್ಲಿ ಅಣ್ಣು ಎದ್ದು ನಿಂತು, "ನಮ್ಮ ಮನೆಯವಳು ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದವಳು. ಈ ಸಲ ಅವಳೇ ಕಮಾಂಡರ್" ಎಂದು ಘೋಷಿಸಿಬಿಟ್ಟ. ಹೆಂಗಸರ ಸಾಲಿನಲ್ಲಿ ಕೂತಿದ್ದ ವಿನೋದಿನಿಗೆ ವಿಷಯ ಗೊತ್ತಾದದ್ದು ಚಪ್ಪಾಳೆ ಬಿದ್ದ ಮೇಲೆ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದರೆ, ನಿಜ ಹೇಳಬೇಕಲ್ಲ, ಅವಳಿಗೂ ಆಸೆಯಾಗಿತ್ತು. ಮುನ್ಸಿಪಾಲಿಟಿ ಶಾಲೆಯ ಕಾಂಕ್ರೀಟ್ ಅಂಗಳದಲ್ಲಿ ಸಂಜೆ ಮೂವತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿ "ಸಾವಧಾನ್!" ಎಂದು ಕೂಗಿದಾಗ, ಇಪ್ಪತ್ತು ವರ್ಷ ಅಡಿಗೆಮನೆಯಲ್ಲಿ ಪಿಸುಗುಟ್ಟಿದ ಗಂಟಲು ತನ್ನದೇ ಹೌದಾ ಎಂದು ಅವಳೇ ಬೆರಗಾದಳು. ಊಟದ ಡಬ್ಬಾ ಮಾಡಿ ಮಾರುವ ರಂಜನಾ ಅಡಿಗೆಯ ಸೀರೆಯಲ್ಲೇ ಓಡಿ ಬರುತ್ತಿದ್ದಳು. ಮೊಮ್ಮಕ್ಕಳಿದ್ದವರು ಬರುತ್ತಿದ್ದರು. ಎಡಗಾಲು ಯಾವುದು ಬಲಗಾಲು ಯಾವುದು ಎಂದು ಗೊತ್ತಿಲ್ಲದವರನ್ನು ವಿನೋದಿನಿ ಒಂದೇ ತಾಳಕ್ಕೆ ತಂದಳು. ನಿಂತಲ್ಲೇ ಕಾಲು ಎತ್ತಿ ಬಡಿಯುವ ಕದಂ ತಾಲ್, ತಿರುಗುವಾಗ ಒಂದು ಬಡಿತ, ನಿಲ್ಲುವಾಗ ಒಂದು ಬಡಿತ. ಎಲ್ಲವನ್ನೂ ಅವಳೇ ಮೊದಲು ಮಾಡಿ ತೋರಿಸಬೇಕು, ಮಿಕ್ಕವರಿಗಿಂತ ಜೋರಾಗಿ ಮಾಡಬೇಕು. "ಅಕ್ಕ ಕಾಲು ಬಡಿದ್ರೆ ಶಾಲೆಯ ಗೋಡೆ ಅಲ್ಲಾಡ್ತದೆ" ಎಂದು ರಂಜನಾ ನಗುತ್ತಿದ್ದಳು. ಎಲ್ಲರಿಗೂ ಒಂದೇ ತರದ್ದು ಅಂತ ಸಗಟು ಅಂಗಡಿಯಿಂದ ತಂದ ಕ್ಯಾನ್ವಾಸ್ ಶೂವಿನ ಅಡಿ ಹಪ್ಪಳದಷ್ಟು ತೆಳ್ಳಗಿತ್ತು.

ಎರಡು ಮೂರು ವಾರ ಕಳೆಯುವುದರೊಳಗೆ ಕಾಲು ನೋಯತೊಡಗಿತು. ಮೊಣಕಾಲಿನ ಕೆಳಗೆ, ಕಣಕಾಲಿನ ಎಲುಬಿನ ಒಳಬದಿಗೆ, ಉದ್ದಕ್ಕೂ. ಬೆಳಿಗ್ಗೆ ಓಡಲು ಶುರುಮಾಡಿದರೆ ಚುಚ್ಚುವುದು, ಮೈ ಬಿಸಿಯಾದರೆ ಸುಮ್ಮನಾಗುವುದು, ಮನೆಗೆ ಬಂದು ಕೂತರೆ ಮತ್ತೆ ಹತ್ತುವುದು. ಬಿಸಿ ಉಪ್ಪಿನ ಗಂಟು ಇಟ್ಟಳು. ಊರಿಂದ ಬಂದ ಎಣ್ಣೆ ತಿಕ್ಕಿದಳು, ನೋವು ಇಮ್ಮಡಿಯಾಯಿತು. ಮಗಳು ಫೋನಿನಲ್ಲಿ ಏನೇನೋ ಓದಿ, ಡಾಕ್ಟರಿಗೆ ತೋರಿಸಲೇಬೇಕು ಎಂದು ಹಟ ಹಿಡಿದಳು.

ವಿಲೆ ಪಾರ್ಲೆಯಲ್ಲಿ ಆಟಗಾರರ ಕಾಲು ನೋಡುವ ಹರಿಣಿ ಡಾಕ್ಟರು ಸಂಘದವರೇ. ಗಂಡ ಹೆಂಡತಿ ಇಬ್ಬರೂ ಹೋದರು. ಡಾಕ್ಟರು ಹೆಬ್ಬೆರಳಿನಿಂದ ಎಲುಬಿನ ಉದ್ದಕ್ಕೂ ಒತ್ತಿ ನೋಡಿದರು.

"ಶಿನ್ ಸ್ಪ್ಲಿಂಟ್ಸ್ ಅಂತ ಹೇಳ್ತೇವೆ. ಎಲುಬಿನ ಮೇಲಿನ ಪೊರೆಗೆ ಪೆಟ್ಟು. ದಿನಾ ಎಷ್ಟು ಓಡ್ತೀರಿ? ಒಮ್ಮೆಲೇ ಜಾಸ್ತಿ ಮಾಡಿದ್ರಾ?"

"ಇಲ್ಲ ಡಾಕ್ಟ್ರೇ, ಮೊದಲಿನಷ್ಟೇ."

"ಶೂ ಬದಲಾಯ್ಸಿದ್ರಾ?"

ವಿನೋದಿನಿ ತನ್ನ ಓಟದ ಶೂವನ್ನು ಎತ್ತಿ ತೋರಿಸಿದಳು. ಚೆನ್ನಾಗಿತ್ತು.

"ಬೇರೆ ಏನಾದ್ರೂ ಎಕ್ಸರ್ಸೈಜ್? ಜಿಮ್? ಡ್ಯಾನ್ಸ್?"

"ಎಂತದೂ ಇಲ್ಲ."

ಅವಳು ಸುಳ್ಳು ಹೇಳಿದ್ದಲ್ಲ. ಮಾರ್ಚ್‌ಪಾಸ್ಟನ್ನು ಎಕ್ಸರ್ಸೈಜ್ ಅಂತ ಯಾರಾದರೂ ಕರೆಯುತ್ತಾರೆಯೇ? ಅದು ಸಂಘದ ಕೆಲಸ. ಸತ್ಯನಾರಾಯಣ ಪೂಜೆಗೆ ತರಕಾರಿ ಹೆಚ್ಚಿದ ಹಾಗೆ, ಊಟಕ್ಕೆ ಎಲೆ ಹಾಕಿದ ಹಾಗೆ. ಓಟ ಮಾತ್ರ ತನ್ನ ಸ್ವಂತದ ಚಟ. ಆದ್ದರಿಂದ ತಪ್ಪೂ ಅದರದ್ದೇ ಇರಬೇಕು ಎಂದು ಅವಳು ಮನೆಯಿಂದ ಹೊರಡುವಾಗಲೇ ತೀರ್ಪು ಕೊಟ್ಟುಕೊಂಡಿದ್ದಳು. ಪಕ್ಕದಲ್ಲಿ ಕೂತ ಅಣ್ಣುವಿಗೂ ಆಗ ಹೊಳೆಯಲಿಲ್ಲ. ಎಕ್ಸ್‌ರೇ ತೆಗೆಸಿ, ನಾಳೆ ಸಂಜೆ ನೋಡಿ ಹೇಳುತ್ತೇನೆ ಎಂದರು ಡಾಕ್ಟರು.

ನಾಳೆ ಸಂಜೆ ಎಂದರೆ ಪ್ರಾಕ್ಟೀಸಿನ ಹೊತ್ತು. "ನೀನು ಪ್ರಾಕ್ಟೀಸ್ ತಪ್ಪಿಸ್ಬೇಡ, ನಾನೇ ಹೋಗಿ ಮಾತಾಡಿ ಬರ್ತೇನೆ" ಎಂದ ಅಣ್ಣು. ಅವರ ಮನೆಯಲ್ಲಿ ಅದೇನು ಹೊಸತಲ್ಲ. ಹೆರಿಗೆಯ ಹೊತ್ತಿನಲ್ಲೂ ಡಾಕ್ಟರು ಹೇಳಿದ್ದನ್ನು ಅವನು ಹೊರಗೆ ಕೇಳಿಸಿಕೊಂಡು ಒಳಗೆ ಬಂದು ಹೇಳಿದ್ದ.

ಮರುದಿನ ಅವನು ಪಾರ್ಲೆಯಿಂದ ನೇರ ಶಾಲೆಯ ಅಂಗಳಕ್ಕೆ ಬಂದ. ಮೂವತ್ತು ಜೋಡಿ ಕಾಲು ಒಂದೇ ಸದ್ದಿನಲ್ಲಿ ಬಡಿಯುತ್ತಿದ್ದವು. ಸಮಿತಿಯ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತು ನೋಡಿ, "ಅಣ್ಣು, ಈ ಸಲ ಜೋಗೇಶ್ವರಿಯವರು ಶೀಲ್ಡು ಒರೆಸಿ ಕೊಡ್ಲಿಕ್ಕೆ ತಯಾರಾಗ್ಲಿ" ಎಂದು ಅವನ ಬೆನ್ನು ತಟ್ಟಿದರು. ಅಷ್ಟು ವರ್ಷದಲ್ಲಿ ಸಂಘದಲ್ಲಿ ಯಾರಾದರೂ ಅವನ ಬೆನ್ನು ತಟ್ಟಿದ್ದು ಅದೇ ಮೊದಲು ಇರಬೇಕು. ಪ್ರಾಕ್ಟೀಸು ಮುಗಿಯಿತು. ವಿನೋದಿನಿ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಎಂತ ಹೇಳಿದ್ರು?"

"ಎಲುಬಿಗೆ ಎಂತ ಆಗಿಲ್ಲ. ಆದ್ರೆ ಓಟ ಬಂದ್ ಮಾಡ್ಬೇಕಂತೆ. ದಿನಾ ಸಂಜೆ ಐಸ್ ಇಡ್ಬೇಕಂತೆ."

"ಜನವರಿಯದ್ದು?"

"ಈ ವರ್ಷ ಆಗ್ಲಿಕ್ಕಿಲ್ಲ ಮಾರಾಯ್ತಿ. ಮುಂದಿನ ವರ್ಷ ನೋಡುವ."

"ಮತ್ತೆ ಇದು? ಮಾರ್ಚ್‌ಪಾಸ್ಟ್?"

ಅಣ್ಣು ಅಂಗಳದ ಕಡೆ ನೋಡಿದ. "ಇದು ನಡಿಗೆ ಅಲ್ವಾ? ನಡೀಬಹುದಂತೆ."

ಅಲ್ಲಿಗೆ ಮುಗಿಯಿತು. ಅವಳು ಮರುದಿನದಿಂದ ಓಡಲಿಲ್ಲ. ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತಿತ್ತು. ಎದ್ದು ಅಡಿಗೆಮನೆಯ ಕಟ್ಟೆಗೆ ಒರಗಿ, ಲೈಟು ಹಾಕದೆ ನಿಂತಿರುತ್ತಿದ್ದಳು. ಕೆಳಗೆ ಹಾಲಿನ ಟೆಂಪೋ ಹೋದ ಸದ್ದು ಕೇಳಿದರೆ ಕಿಟಕಿಯ ಹತ್ತಿರ ಹೋಗಿ ಇಣುಕುತ್ತಿದ್ದಳು. ಯಕ್ಷಿತಾ, "ಮಮ್ಮಿ, ಇನ್ನೊಬ್ರು ಡಾಕ್ಟರಿಗೆ ತೋರಿಸುವಾ ನಾ" ಎಂದಳು. "ಹರಿಣಿ ಡಾಕ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?" ಎಂದು ಗದರಿಸಿ ಬಾಯಿ ಮುಚ್ಚಿಸಿದಳು.

ಅಣ್ಣುವಾದರೋ, ಆ ದಿನಗಳಲ್ಲಿ ಹಿಂದೆಂದೂ ಇಲ್ಲದಷ್ಟು ಒಳ್ಳೆಯವನಾದ. ಹೋಟೆಲಿನ ಜ್ಯೂಸ್ ಕೌಂಟರಿನಿಂದ ಪ್ರತಿ ಸಂಜೆ ತಾನೇ ಐಸ್ ತುಂಬಿಸಿಕೊಂಡು ಬರುತ್ತಿದ್ದ. ದಪ್ಪ ಪ್ಲಾಸ್ಟಿಕ್ ಚೀಲ, ಮೇಲೆ ಹೋಟೆಲಿನ ಬಿಳಿ ಟವೆಲು. ಪ್ರಾಕ್ಟೀಸು ಮುಗಿಸಿ ಬಂದವಳ ಕಾಲನ್ನು ಸ್ಟೂಲಿನ ಮೇಲೆ ಇಟ್ಟು, ತಾನೇ ನೆಲದ ಮೇಲೆ ಕೂತು ಚೀಲ ಒತ್ತಿ ಹಿಡಿಯುತ್ತಿದ್ದ. ಅಣ್ಣು ಸೇಠರು ಹೆಂಡತಿಯ ಕಾಲು ಹಿಡಿದು ಕೂತದ್ದನ್ನು ವೈಟರುಗಳು ನೋಡಿದರೆ ನಂಬುತ್ತಿರಲಿಲ್ಲ. ವಿನೋದಿನಿಗೆ ಕಣ್ಣು ತುಂಬಿ ಬರುತ್ತಿತ್ತು. ಹೋದರೆ ಒಂದು ಓಟ ಹೋಯಿತು, ಇಂಥ ಗಂಡ ಸಿಕ್ಕಿದನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಆ ಸಮಾಧಾನ ನೆನೆದರೆ ಈಗ ಅವಳಿಗೆ ನಾಚಿಕೆಯಾಗುತ್ತದೆ. ಮೋಸ ಹೋದದ್ದಕ್ಕಿಂತ ಹೆಚ್ಚಾಗಿ ಆ ಕಣ್ಣೀರಿಗೆ ನಾಚಿಕೆಯಾಗುತ್ತದೆ.

ಓಟ ಬಿಟ್ಟರೂ ನೋವು ಬಿಡಲಿಲ್ಲ. ಇನ್ನೂ ಜಾಸ್ತಿಯೇ ಆಯಿತು. ಮೊದಲು ಎಲುಬಿನ ಉದ್ದಕ್ಕೂ ಹರಡಿಕೊಂಡಿದ್ದ ನೋವು ಕ್ರಿಸ್‌ಮಸ್ ಹೊತ್ತಿಗೆ ಒಂದೇ ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ ಕೂತುಕೊಂಡಿತು. ಕದಂ ತಾಲ್ ಮಾಡುವಾಗ ಹಲ್ಲು ಕಚ್ಚಿ ಹಿಡಿಯುತ್ತಿದ್ದಳು.

"ಓಡುವುದು ಬಿಟ್ಟೆ, ಆದ್ರೂ ಯಾಕೆ ಹೀಗೆ? ಒಮ್ಮೆ ಡಾಕ್ಟ್ರನ್ನು ಕಂಡು ಬರುವ" ಎಂದಳು.

"ಹಳೇ ನೋವು. ಹೋಗ್ಲಿಕ್ಕೆ ಟೈಮ್ ಬೇಕಲ್ಲ. ಕ್ರೀಡೋತ್ಸವ ಒಂದು ಮುಗೀಲಿ, ಮರುದಿನವೇ ಹೋಗುವ" ಎಂದ ಅಣ್ಣು, ಐಸಿನ ಚೀಲವನ್ನು ಇನ್ನಷ್ಟು ಜೋಪಾನವಾಗಿ ಒತ್ತಿದ.

ಕ್ರೀಡೋತ್ಸವ ಬಂತು. ಸೀ ಲಿಂಕಿನ ಓಟಕ್ಕೆ ಸರಿಯಾಗಿ ಒಂದು ವಾರ ಮೊದಲಿನ ಭಾನುವಾರ. ವಿಲೆ ಪಾರ್ಲೆಯ ಕಾಲೇಜೊಂದರ ಮೈದಾನ. ಶಾಮಿಯಾನ, ಬ್ಯಾಂಡು, ಉಪ್ಪಿಟ್ಟು ಶೀರಾದ ಪರಿಮಳ. ಘಾಟ್ಕೋಪರಿನ ಹೆಂಗಸರು ಪಾಚಿ ಹಸಿರು ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಬೆಳಿಗ್ಗೆಯೇ ನೋವಿನ ಮಾತ್ರೆ ನುಂಗಿ ಬಂದಿದ್ದ ವಿನೋದಿನಿ ಒಂದು ಕುರ್ಚಿಯಲ್ಲಿ ಕೂತು ಲೇಸು ಬಿಗಿಯುತ್ತಿದ್ದಳು. ಅಣ್ಣು ಹೊಸ ಕೋಟು ಹಾಕಿಕೊಂಡು ವೇದಿಕೆಯ ಮೇಲಿದ್ದ. ಕುರ್ಚಿ ಜೋಡಿಸಲು ಅಲ್ಲ, ಕೂರಲು.

ಅತಿಥಿಗಳ ಸಾಲಿನಿಂದ ಹರಿಣಿ ಡಾಕ್ಟರು ಇವಳನ್ನು ಕಂಡು ನಗುತ್ತ ಬಂದರು.

"ವಿನೋದಿನಿ ಅಕ್ಕಾ, ಹೇಗಿದ್ದೀರಿ? ನೆಕ್ಸ್ಟ್ ಸಂಡೇ ರೆಡಿ ಅಲ್ವಾ? ನಾನೂ ಬರ್ತೇನೆ, ಅಲ್ಲಿ ಮೆಡಿಕಲ್ ಟೆಂಟಲ್ಲಿರ್ತೇನೆ."

ವಿನೋದಿನಿಗೆ ತಮಾಷೆ ಅನ್ನಿಸಿತು. "ಎಲ್ಲಿಯ ರೆಡಿ ಡಾಕ್ಟ್ರೇ? ಓಡ್ಬೇಡ ಅಂತ ನೀವೇ ಹೇಳಿದ್ರಲ್ಲ?"

"ನಾನಾ? ನಾನು ಎರಡು ವಾರ ರೆಸ್ಟ್, ಆಮೇಲೆ ಮಣ್ಣಿನ ಮೇಲೆ ಮೆಲ್ಲ ಶುರು ಮಾಡಿ ಅಂದೆ. ಜನವರಿಗೆ ಆರಾಮಾಗಿ ಓಡಬಹುದು ಅಂದೆ." ಡಾಕ್ಟರ ಕಣ್ಣು ಆಗ ಅವಳ ಹಸಿರು ಸೀರೆಯಿಂದ ಕೆಳಗಿಳಿದು ಕ್ಯಾನ್ವಾಸ್ ಶೂವಿನ ಮೇಲೆ ನಿಂತಿತು. ನಗು ಹೋಯಿತು. "ಒಂದು ನಿಮಿಷ. ನೀವು ಇದಕ್ಕೆ ಹೋಗ್ತಿದ್ದೀರಾ? ಇಷ್ಟು ದಿನ ಹೋಗ್ತಿದ್ರಾ?"

"ನಡೀಬಹುದು ಅಂದ್ರಂತೆ..."

"ಅಲ್ಲ ಅಕ್ಕಾ. ಅವತ್ತು ಅಣ್ಣು ಸೇಠರೇ ಹೇಳಿದ್ದು, ನನ್ನ ಹೆಂಡತಿ ಕಮಾಂಡರ್, ಶಾಲೆಯ ಅಂಗಳದಲ್ಲಿ ಅವಳು ಕಾಲು ಬಡಿಯುವುದು ನೋಡಬೇಕು ಡಾಕ್ಟ್ರೇ ಅಂತ. ಕಾಂಕ್ರೀಟ್ ಮೇಲಾ ಅಂತ ಕೇಳಿದೆ. ಹೌದು ಅಂದ್ರು. ನೋವಿಗೆ ಕಾರಣ ಅದೇ, ಓಟ ಅಲ್ಲ, ಅದನ್ನು ಇವತ್ತೇ ನಿಲ್ಲಿಸಿ ಅಂತ ನಾನು ಎರಡೆರಡು ಸಲ ಹೇಳಿದ್ದೇನೆ. ಅವರು ಹೂಂ ಹೂಂ ಅಂದ್ರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಊರಲ್ಲಿ ಅಜ್ಜಿ ಹೇಳಿ ನಗಿಸುತ್ತಿದ್ದಳು. ಬರೆ ಹಾಕಿದವನಿಗೆ ಜ್ವರ ಯಾವುದಕ್ಕೆ ಅಂತ ಗೊತ್ತಿದ್ದರೆ ಆ ಗಾದೆಯಲ್ಲಿ ನಗುವಂಥದ್ದು ಏನೂ ಉಳಿಯುವುದಿಲ್ಲ.

ಡಾಕ್ಟರು ಅಲ್ಲೇ ಮಂಡಿಯೂರಿ, ಸೀರೆಯ ಅಂಚು ಸರಿಸಿ, ಒಂದು ಬೆರಳಿನಿಂದ ಒತ್ತಿದರು. ವಿನೋದಿನಿ ಕುರ್ಚಿಯಿಂದ ಹಾರಿಬಿದ್ದಳು.

"ಒಂದೇ ಪಾಯಿಂಟಲ್ಲಿ ನೋವು. ಎಲುಬಿನಲ್ಲಿ ಬಿರುಕು ಇರಬಹುದು. ಹೋಗ್ಬೇಡಿ ಅಕ್ಕಾ. ಪ್ಲೀಸ್. ಬೇರೆ ಯಾರಿಗಾದ್ರೂ ಹೇಳಿ."

ಬೇರೆ ಯಾರಿಗೆ? ಆ ಹೊತ್ತಿಗೆ ಬ್ಯಾಂಡು ಶುರುವಾಯಿತು. ಮೈಕಿನಲ್ಲಿ ಘಾಟ್ಕೋಪರ್ ಎಂದು ಕೂಗಿದರು. ಮೂವತ್ತು ಹೆಂಗಸರು ಆಗಲೇ ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದರು. ರಂಜನಾ ಮುಂದಿನ ಸಾಲಿನಲ್ಲಿ ಧ್ವಜ ಹಿಡಿದಿದ್ದಳು, ಹೆದರಿಕೆಗೆ ತುಟಿ ಒಣಗಿತ್ತು. ಡಬ್ಬಾದ ಗಿರಾಕಿಗಳ ಬೈಗುಳ ತಿಂದು, ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಬಂದವಳು. ಇವರು ಏನು ಮಾಡಿದ್ದರು? ಇವರಿಗೆ ಯಾಕೆ ಶಿಕ್ಷೆ?

ವೇದಿಕೆಯ ಮೇಲೆ ಅಣ್ಣು ಎದ್ದು ನಿಂತು ಫೋನು ಎತ್ತಿ ಹಿಡಿದು ವೀಡಿಯೊ ಶುರುಮಾಡಿದ್ದ. ಅವಳು ಡಾಕ್ಟರ ಜೊತೆ ಮಾತಾಡಿದ್ದನ್ನು ಅವನು ಕಂಡಿದ್ದನೋ ಇಲ್ಲವೋ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದ್ದ ಮನುಷ್ಯ. ಒಂದು ವಾರ ದಾಟಿದರೆ ಓಟವೂ ಮುಗಿಯುತ್ತಿತ್ತು, ಮಾತೂ ಮುಗಿಯುತ್ತಿತ್ತು.

ವಿನೋದಿನಿ ಎದ್ದಳು. ಡಾಕ್ಟರ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು. ಹೋಗಿ ಮುಂದೆ ನಿಂತು, "ತೇಜ್ ಚಲ್!" ಎಂದು ಕೂಗಿದಳು.

ನಡೆದರು. ಹೇಗೆ ನಡೆದರು ಅಂತ ಆ ದಿನ ಮೈದಾನದಲ್ಲಿದ್ದವರನ್ನೇ ಕೇಳಬೇಕು. ಶೀರಾ ತಿನ್ನುತ್ತಿದ್ದವರು ಪ್ಲೇಟು ಕೆಳಗಿಟ್ಟು ನೋಡಿದರು. ಒಂದೊಂದು ಹೆಜ್ಜೆಗೂ ವಿನೋದಿನಿಯ ಕಣಕಾಲಿನೊಳಗೆ ಸೂಜಿ ಹೊಕ್ಕು ಹೊರಡುತ್ತಿತ್ತು. ಅವಳು ಒಂದು ಹೆಜ್ಜೆಯನ್ನೂ ಕಡಿಮೆ ಬಡಿಯಲಿಲ್ಲ. ವೇದಿಕೆಯ ಎದುರು ಬಂದಾಗ ಗಂಟಲು ಹರಿಯುವಂತೆ, "ದಾಹಿನೇ ದೇಖ್!" ಎಂದಳು.

ಆ ಆಜ್ಞೆಗೆ ತಂಡದ ಮುಖಗಳು ಬಲಕ್ಕೆ, ವೇದಿಕೆಯ ಕಡೆಗೆ ತಿರುಗಬೇಕು. ಕಮಾಂಡರ್ ಕೂಡ ಮುಖ ತಿರುಗಿಸಿ ಸೆಲ್ಯೂಟ್ ಹೊಡೆಯಬೇಕು. ಹೆಂಗಸರೆಲ್ಲ ಕಲಿಸಿದ ಹಾಗೆಯೇ ಒಮ್ಮೆಲೇ ತಿರುಗಿದರು. ವಿನೋದಿನಿಯ ಮುಖ ತಿರುಗಲಿಲ್ಲ. ಕೈ ಮೇಲೇಳಲಿಲ್ಲ. ವೇದಿಕೆ ದಾಟುವವರೆಗೂ ಅವಳು ನೇರ ಮುಂದೆ, ಮೈದಾನದ ಆಚೆ ತುದಿಯ ಗೋಡೆಯನ್ನೇ ನೋಡುತ್ತ ಹೋದಳು. ಮೊದಲೇ ಯೋಚಿಸಿ ಮಾಡಿದ್ದಲ್ಲ. ಆ ಕೋಟಿನ ಕಡೆಗೆ ಕುತ್ತಿಗೆ ತಿರುಗಲೇ ಇಲ್ಲ, ಅಷ್ಟೇ. ಮೈದಾನದ ಕೊನೆಯಲ್ಲಿ "ಥಮ್!" ಎಂದು ತಂಡವನ್ನು ನಿಲ್ಲಿಸಿ ಕೊನೆಯ ಬಡಿತ ಬಡಿದಾಗ ಒಳಗೆ ಏನೋ ಕಟಕ್ಕೆಂದಿತು. ಬಿದ್ದರೆ ವೇದಿಕೆಯವರ ಎದುರು ಬಿದ್ದಂತಾಗುತ್ತದೆ ಎಂದು ನಿಂತೇ ಇದ್ದಳು. ತಂಡವನ್ನು ಬಿಟ್ಟ ಮೇಲೆ, ಓಡಿ ಬಂದ ಯಕ್ಷಿತಾಳ ಹೆಗಲಿಗೆ ಜೋತುಬಿದ್ದಳು.

ಶೀಲ್ಡು ಜೋಗೇಶ್ವರಿಗೇ ಹೋಯಿತು. ತೀರ್ಪು ಕೊಡಲು ಬಂದಿದ್ದ ನಿವೃತ್ತ ಸುಬೇದಾರರು ಮೈಕಿನಲ್ಲಿಯೇ ಹೇಳಿದರು: ಘಾಟ್ಕೋಪರಿನ ತಂಡ ಎಲ್ಲರಿಗಿಂತ ಚೆನ್ನಾಗಿತ್ತು, ಆದರೆ ಕಮಾಂಡರ್ ಸೆಲ್ಯೂಟ್ ಕೊಡಲಿಲ್ಲ, ಅದನ್ನು ಮನ್ನಿಸಲು ಬರುವುದಿಲ್ಲ.

ರಂಜನಾ ಧ್ವಜವನ್ನು ಗೋಡೆಗೆ ಒರಗಿಸಿ ಬಂದಳು. ಕಣ್ಣು ಕೆಂಪಾಗಿತ್ತು. "ನಮಗೆ ದಿನಾ ಹೇಳಿಕೊಟ್ಟದ್ದು ನೀವೇ ಅಲ್ವಾ ಅಕ್ಕ? ನಾವು ಯಾರೂ ತಪ್ಪಲಿಲ್ಲ. ನೀವು ತಪ್ಪಿದ್ರಿ."

ಹೇಳಬಹುದಿತ್ತು. ಗಂಡನ ಮರ್ಯಾದೆಯನ್ನು ಆ ಮೈದಾನದಲ್ಲಿ ಹರಾಜು ಹಾಕಬಹುದಿತ್ತು. ವಿನೋದಿನಿಗೆ ಬಾಯಿ ಬರಲಿಲ್ಲ. ತಂಡದವರನ್ನು ನೋಯಿಸಬಾರದೆಂದು ಎಲುಬು ಮುರಿದುಕೊಂಡವಳೇ ಕೊನೆಗೆ ಅವರಿಗೆ ದ್ರೋಹಿಯಾಗಿ ನಿಂತಳು. ಆ ಹೆಂಗಸರಲ್ಲಿ ಹೆಚ್ಚಿನವರು ಇವತ್ತಿಗೂ ಅವಳ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಮನೆಗೆ ಬಂದ ಮೇಲೆ ಅಣ್ಣು ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದ.

"ಒಂದು ಸೆಕೆಂಡ್. ಒಂದು ಸೆಕೆಂಡ್ ತಲೆ ತಿರುಗಿಸಿದ್ರೆ ಶೀಲ್ಡ್ ನಮ್ಮದಿತ್ತು. ಎಲ್ಲರ ಎದುರು ನನ್ನ ಮರ್ಯಾದೆ ತೆಗ್ದೆ ನೀನು."

"ಡಾಕ್ಟ್ರು ಸಿಕ್ಕಿದ್ರು" ಎಂದಳು ವಿನೋದಿನಿ.

ಅಣ್ಣುವಿನ ಮುಖ ಹುಳ್ಳಗಾಯಿತು. ಎಸೆದ ಕೋಟನ್ನು ತೆಗೆದು ಮಡಚತೊಡಗಿದ. ಆಮೇಲೆ, "ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ. ನಿನಗೆ ಓಟ ಮುಂದಿನ ವರ್ಷವೂ ಇರ್ತದಲ್ಲ ಅಂತ..." ಎಂದ.

"ಶೀಲ್ಡು ಮುಂದಿನ ವರ್ಷ ಇರ್ಲಿಲ್ವಾ?"

ಅಣ್ಣು ಎದ್ದು ಚಪ್ಪಲಿ ಮೆಟ್ಟಿ ಹೊರ ಹೋದ. ತಿರುಗಿ ಬರುವಾಗ ಕೈಯಲ್ಲಿ ಐಸಿನ ಚೀಲವಿತ್ತು, ಮೇಲೆ ಬಿಳಿ ಟವೆಲು. ಮುಟ್ಟಬೇಡಿ ಎಂದಳು ವಿನೋದಿನಿ. ಚೀಲ ಊಟದ ಮೇಜಿನ ಮೇಲೆ ಕೂತು ಕರಗಿತು.

ಸ್ಕ್ಯಾನಿನಲ್ಲಿ ಬಿರುಕು ಕಂಡಿತು. ಮೊಣಕಾಲಿನವರೆಗೆ ಗಟ್ಟಿ ಬೂಟು ಕಟ್ಟಿದರು, ಕಂಕುಳಿಗೆ ಊರುಗೋಲು ಬಂತು. ಮುಂದಿನ ಭಾನುವಾರ ಎಂದಿನ ಹೊತ್ತಿಗೇ ಎಚ್ಚರವಾಯಿತು. ಯಕ್ಷಿತಾ ಟಿವಿಯಲ್ಲಿ ಓಟ ಹಾಕಲು ಹೋದಳು, ಅಮ್ಮನ ಮುಖ ನೋಡಿ ರಿಮೋಟು ಕೆಳಗಿಟ್ಟಳು. ವಿನೋದಿನಿ ಗೋಡೆಯ ಕಡೆ ಮಗ್ಗುಲಾಗಿ ಮಲಗಿ, ತಲೆ ತುಂಬ ಹೊದ್ದು, ಬಹಳ ಹೊತ್ತು ಅತ್ತಳು. ಈ ಸಲ ಆ ಅಳುವಿಗೆ ನಾಚಲಿಲ್ಲ.

ಕಾರ್ಯಾಧ್ಯಕ್ಷತೆ ಬೇರೆ ಯಾರಿಗೋ ಹೋಯಿತು. ಅಣ್ಣು ಮತ್ತೆ ಬ್ಯಾನರ್ ಕಟ್ಟತೊಡಗಿದ. ಅವನ ಫೋನಿನಲ್ಲಿ ಆ ವೀಡಿಯೊ ಇನ್ನೂ ಇದೆ. ಅವನು ಆಗಾಗ ಅದನ್ನು ತೆಗೆದು ನೋಡುವುದನ್ನು ಮಗಳು ಕಂಡಿದ್ದಾಳೆ. ಮೂವತ್ತು ಮುಖಗಳು ಅವನ ಕಡೆ ತಿರುಗಿವೆ, ಮುಂದಿನ ಒಂದು ಮುಖ ತಿರುಗಿಲ್ಲ.

ಶಿವರಾತ್ರಿ ಕಳೆದ ಮೇಲೆ ಬೂಟು ಬಿಚ್ಚಲು ಪಾರ್ಲೆಗೆ ಹೋದರು. ಹೆಸರು ಕೂಗಿದರು. ಅಣ್ಣು ವಾಡಿಕೆಯಂತೆ ಎದ್ದು ಬಾಗಿಲಿನ ಕಡೆ ಹೆಜ್ಜೆ ಇಟ್ಟ.

"ನೀವು ಇಲ್ಲೇ ಕೂತ್ಕೊಳ್ಳಿ" ಎಂದಳು ವಿನೋದಿನಿ.

ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ಅಣ್ಣು ಕೂತ. ಅವಳು ಊರುಗೋಲು ಊರಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹರಿಣಿ ಡಾಕ್ಟರು ಬೂಟು ಬಿಚ್ಚಿದರು, ಬೆರಳಿನಿಂದ ಒತ್ತಿದರು, ನಿಲ್ಲಿಸಿ ನೋಡಿದರು. ಎಲುಬು ಕೂಡಿಕೊಂಡಿದೆ ಎಂದರು. ಇನ್ನು ಮೆಲ್ಲನೆ ನಡೆಯಬಹುದು, ಮಳೆಗಾಲ ಮುಗಿದ ಮೇಲೆ ಮಣ್ಣಿನ ಮೇಲೆ ಸ್ವಲ್ಪ ಸ್ವಲ್ಪ ಓಡಬಹುದು, ದೇವರು ನಡೆಸಿದರೆ ಬರುವ ಜನವರಿಯಲ್ಲಿ ಸೀ ಲಿಂಕ್ ನೋಡುವ, ಗ್ಯಾರಂಟಿ ಕೊಡುವುದಿಲ್ಲ ಎಂದರು. ಹೇಗೆ ನಡೆಯಬೇಕು, ಯಾವ ನೋವು ಬಂದರೆ ಕೂಡಲೇ ನಿಲ್ಲಿಸಬೇಕು, ಒಂದೊಂದನ್ನೂ ಬಿಡಿಸಿ ಹೇಳಿದರು, ಐಸಿನ ಮಾತು ಮಾತ್ರ ಎತ್ತಲಿಲ್ಲ. ವಿನೋದಿನಿ ಒಂದೊಂದನ್ನೂ ಎರಡೆರಡು ಸಲ ಕೇಳಿಕೊಂಡಳು. ಡಾಕ್ಟರ ಕೋಣೆಯಲ್ಲಿ ತಾನೊಬ್ಬಳೇ ಕೂತು ಅವರು ಹೇಳಿದ್ದನ್ನು ಕೇಳಿದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ಅವಳು ಹೊರಗೆ ಬಂದಳು. ಅಣ್ಣು ಗಡಬಡಿಸಿ ಎದ್ದು ಅವಳ ಕೈಯಿಂದ ಚೀಲ ತೆಗೆದುಕೊಂಡ.

"ಎಂತ ಹೇಳಿದ್ರು?"

ವಿನೋದಿನಿ ಅವನ ಮುಖವನ್ನು ನೇರವಾಗಿ ನೋಡಿದಳು.

"ಐಸ್ ಇಡ್ಬೇಕಂತೆ" ಎಂದಳು. ಆಮೇಲೆ ಲಿಫ್ಟಿನ ಕಡೆಗೆ, ಒಂದೊಂದೇ ಹೆಜ್ಜೆ ಊರಿ, ತಾನೇ ನಡೆದು ಹೋದಳು.